ಲಸಿಕೆಯ ಪರೀಕ್ಷೆ

1918ರಲ್ಲಿ ಜಗತ್ತನ್ನೆಲ್ಲ ಆವರಿಸಿದ ಇನ್‌ಫ್ಲುಯೆಂಜಾ ಜ್ವರವು ಮುಂಬಯಿ ಬಂದರಿನ ಮೂಲಕ ಭಾರತವನ್ನು ಪ್ರವೇಶಿಸಿತು. ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನ ಅಸುನೀಗಿದರು. ಮೈಸೂರು ಸಂಸ್ಥಾನವೂ ಅದರ ಹಾವಳಿಯಿಂದ ಪಾರಾಗಲಿಲ್ಲ. ಹಸುಳೆಗಳು, ವೃದ್ಧರು ಮಾತ್ರವಲ್ಲ, ಇಪ್ಪತ್ತು ಮೂವತ್ತರ ಪ್ರಾಯದ ದೃಢಕಾಯರೂ ಅದಕ್ಕೆ ಬಲಿಯಾದರು.

ಆಗ ಲಸಿಕೆಗಳು ಇರಲಿಲ್ಲವೆಂದಲ್ಲ, ಇದ್ದವು. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ರೋಗಿಗಳಲ್ಲಿ ಒಂದು ಬ್ಯಾಕ್ಟೀರಿಯವನ್ನು ಕಂಡು, ಅದೇ ಈ ಜ್ವರಕ್ಕೆ ಕಾರಣವೆಂದು ಸಾರಿದ್ದನು. ಅದನ್ನು ನಂಬಿ ಅಮೆರಿಕದಲ್ಲಿ ಲಸಿಕೆಗಳನ್ನು ತಯಾರಿಸಿ ಸಾವಿರಾರು ಜನರಿಗೆ ಚುಚ್ಚಿದರು. ಲಸಿಕೆ ಪಡೆದವರಲ್ಲಿ ಜ್ವರ ಕಡಿಮೆಯೆಂದು ಹಲವು ವೈದ್ಯರು ವರದಿ ಮಾಡಿದರು. ಅವರು ಸುಳ್ಳಾಡಲಿಲ್ಲ. ಆದರೆ ಅನೇಕ ಕಡೆ ಲಸಿಕೆ ಕೈಗೆ ಬರುವ ವೇಳೆಗೆ ರೋಗದ ಅಬ್ಬರವೇ ಇಳಿಯತೊಡಗಿತ್ತು. ಜಾತ್ರೆ ಚದುರುವ ಹೊತ್ತಿಗೆ ಬಾಗಿಲಲ್ಲಿ ಕಾವಲು ನಿಂತವನು, ಜನ ಬಾರದಿದ್ದುದು ತನ್ನಿಂದಲೇ ಎಂದು ಬೀಗಿದಂತಾಯಿತು ಅದು.

ಕ್ಯಾಲಿಫೋರ್ನಿಯಾದಲ್ಲಿ ಜಾರ್ಜ್ ಮೆಕಾಯ್ ಮತ್ತು ಸಂಗಡಿಗರು ಬೇರೊಂದು ದಾರಿ ಹಿಡಿದರು. ಒಂದು ಆಸ್ಪತ್ರೆಯ ಪ್ರತಿಯೊಂದು ವಾರ್ಡಿನಲ್ಲಿಯೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಲಸಿಕೆ ಹಾಕಿದರು. ಎಲ್ಲರಿಗೂ ಒಂದೇ ಸೂರು, ಒಂದೇ ಗಾಳಿ, ಒಂದೇ ಕಾಲ. ಜ್ವರ ಬಂದಾಗ ಎರಡು ಗುಂಪುಗಳೂ ಸಮವಾಗಿಯೇ ನರಳಿದವು. ಲಸಿಕೆ ನಿಷ್ಪ್ರಯೋಜಕವೆಂಬುದು ಬಯಲಾಯಿತು.

ನಿಜವಾದ ಕಾರಣ ತಿಳಿದುದು 1933ರಲ್ಲಿ. ಲಂಡನ್ನಿನ ವಿಲ್ಸನ್ ಸ್ಮಿತ್, ಆಂಡ್ರೂಸ್ ಮತ್ತು ಲೈಡ್‌ಲಾ ಎಂಬ ವಿಜ್ಞಾನಿಗಳು ರೋಗಿಯ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯವೂ ನುಸುಳಲಾರದ ಶೋಧಕದಲ್ಲಿ ಸೋಸಿ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗಳ ಮೂಗಿಗೆ ಬಿಟ್ಟರು. ಅವು ಜ್ವರದಿಂದ ಸೀನತೊಡಗಿದವು. ರೋಗಕಾರಕವು ವೈರಸ್ ಎಂಬುದು ಹೀಗೆ ಸಿದ್ಧವಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗೆ 1918ರ ಶಿಬಿರಗಳ ನೆನಪು ಮಾಸಿರಲಿಲ್ಲ. ಥಾಮಸ್ ಫ್ರಾನ್ಸಿಸ್ ನೇತೃತ್ವದಲ್ಲಿ, ಕೋಳಿಮೊಟ್ಟೆಯಲ್ಲಿ ವೈರಸ್ಸನ್ನು ಬೆಳೆಸಿ, ನಿಷ್ಕ್ರಿಯಗೊಳಿಸಿ, ಲಸಿಕೆ ಸಿದ್ಧವಾಯಿತು. ಮುಂದೆ ಪೋಲಿಯೋ ಲಸಿಕೆಯಿಂದ ಪ್ರಖ್ಯಾತನಾದ ಜೋನಸ್ ಸಾಕ್ ಆ ತಂಡದಲ್ಲಿದ್ದನು. 1943ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ತರಬೇತಿ ಪಡೆಯುತ್ತಿದ್ದ ಸುಮಾರು 12,500 ಯುವಕರಲ್ಲಿ ಅರ್ಧದಷ್ಟು ಮಂದಿಗೆ ಲಸಿಕೆಯನ್ನೂ ಉಳಿದವರಿಗೆ ಬರಿಯ ಉಪ್ಪುನೀರಿನಂತಹ ದ್ರಾವಣವನ್ನೂ ಚುಚ್ಚಿದರು. ಚುಚ್ಚಿಸಿಕೊಂಡ ಮಾತ್ರಕ್ಕೆ ಮೂಡುವ ಧೈರ್ಯವು ಒಂದೇ ಗುಂಪಿನ ಪಾಲಾಗಬಾರದಲ್ಲವೆ? ವರ್ಷಾಂತ್ಯದಲ್ಲಿ ಜ್ವರ ಹರಡಿತು. ಉಪ್ಪುನೀರು ಪಡೆದವರಲ್ಲಿ ನೂರಕ್ಕೆ ಏಳು ಮಂದಿ, ಲಸಿಕೆ ಪಡೆದವರಲ್ಲಿ ನೂರಕ್ಕೆ ಎರಡು ಮಂದಿ ಹಾಸಿಗೆ ಹಿಡಿದರು.

1945ರಿಂದ ಆ ಲಸಿಕೆ ನಾಗರಿಕರಿಗೂ ದೊರೆಯಿತು. ಆದರೆ 1947ರಲ್ಲಿ, ಅದನ್ನು ಪಡೆದವರೂ ಪಡೆಯದವರೂ ಹೆಚ್ಚುಕಡಿಮೆ ಸಮನಾಗಿ ಕಾಯಿಲೆ ಬಿದ್ದರು! ಫ್ರಾನ್ಸಿಸ್ ಮತ್ತು ಸಾಕ್ ತಮ್ಮ ಗೆಲುವನ್ನು ಪ್ರಕಟಿಸಿದಂತೆಯೇ ಈ ಸೋಲನ್ನೂ ಪ್ರಕಟಿಸಿದರು. ಪರೀಕ್ಷಿಸಿ ನೋಡಲಾಗಿ, ವೈರಸ್ಸಿನ ಹೊರಮೈ ಬದಲಾಗಿತ್ತು. ಹಳೆಯ ಲಸಿಕೆಯಿಂದ ದೇಹ ಕಲಿತ ಗುರುತು ಹೊಸ ವೇಷಕ್ಕೆ ಹೊಂದುತ್ತಿರಲಿಲ್ಲ.

ಈ ವೇಷಾಂತರವನ್ನು ಬೆನ್ನಟ್ಟಲು ವಿಶ್ವ ಆರೋಗ್ಯ ಸಂಸ್ಥೆಯು 1952ರಲ್ಲಿ ಪ್ರಯೋಗಾಲಯಗಳ ಜಾಲವೊಂದನ್ನು ಸ್ಥಾಪಿಸಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಅದರಲ್ಲಿ ಸೇರಿದೆ. ನಾನಾ ದೇಶಗಳಿಂದ ಬಂದ ವೈರಸ್ಸುಗಳನ್ನು ಹೋಲಿಸಿ, ಮುಂದಿನ ಲಸಿಕೆಯಲ್ಲಿ ಯಾವುವು ಇರಬೇಕೆಂಬುದನ್ನು ತಜ್ಞರು ವರ್ಷಕ್ಕೆ ಎರಡು ಬಾರಿ ನಿರ್ಣಯಿಸುತ್ತಾರೆ: ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ.