ಸಿಮ್ಯುಲೇಟರ್‌ಗೆ ಎ320 ತಗೊಳ್ಳೋ ಮುಂಚೆ

ಕೋಗಿಲಿನಲ್ಲಿ ಓದೋ ನಮಗೆ ವಿಮಾನ ದೂರದ ವಸ್ತು ಅಲ್ಲ. ಒಂದು ಕಡೆ ಯಲಹಂಕ ವಾಯುನೆಲೆ, ಇನ್ನೊಂದು ಕಡೆ ಜಕ್ಕೂರಿನ ಫ್ಲೈಯಿಂಗ್ ಸ್ಕೂಲ್, ಬಳ್ಳಾರಿ ರಸ್ತೆಯಲ್ಲಿ ಮುಂದಕ್ಕೆ ಹೋದರೆ ಕೆಂಪೇಗೌಡ ವಿಮಾನ ನಿಲ್ದಾಣ. ಹಾಗಾಗಿ ನಮ್ಮಲ್ಲಿ ಲ್ಯಾಪ್‌ಟಾಪ್‌ಗೆ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡವರು ಕಡಿಮೆ ಏನಿಲ್ಲ. ಸ್ವಲ್ಪ ದಿನ ಹಾರಿಸಿದ ಮೇಲೆ ಎಲ್ಲರೂ ಕೇಳೋ ಪ್ರಶ್ನೆ ಒಂದೇ: ಎ320 ಆಡ್-ಆನ್ ಯಾವುದು ತಗೊಳ್ಳಲಿ?

ಆಡ್-ಆನ್ ಅಂದ್ರೆ ಸಿಮ್ಯುಲೇಟರ್ ಜೊತೆ ಬರುವ ವಿಮಾನ ಸಾಲದು ಅಂತ ಬೇರೆಯವರು ತಯಾರಿಸಿದ ವಿಮಾನವನ್ನು ಸೇರಿಸಿಕೊಳ್ಳುವುದು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಫ್ಲೈಬೈವೈರ್ ತಂಡದ ಎ320 ನಿಯೋ ಉಚಿತ, ಓಪನ್ ಸೋರ್ಸ್ ಕೂಡ. ಫೀನಿಕ್ಸ್ ಕಂಪನಿಯ ಎ320ಗೆ ದುಡ್ಡು ಕೊಡಬೇಕು. ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲವೂ ಚೆಂದ ಕಾಣುತ್ತವೆ. ಆದರೆ ಎಲ್ಲ ಸರಿ ಮಾಡಿದಾಗ ಸರಿಯಾಗಿ ಹಾರುವುದು ದೊಡ್ಡ ವಿಷಯವೇ ಅಲ್ಲ. ಪೈಲಟ್ ತಪ್ಪು ಮಾಡಿದಾಗ ನಿಜವಾದ ವಿಮಾನ ಹೇಗೆ ನಡೆದುಕೊಳ್ಳುತ್ತೋ ಹಾಗೇ ನಡೆದುಕೊಂಡರೆ ಮಾತ್ರ ಅದು ಒಳ್ಳೆಯ ಆಡ್-ಆನ್. ಅದನ್ನು ಅಳೆಯಲು ನಮ್ಮ ಬೆಂಗಳೂರಿನದೇ ಎರಡು ಪರೀಕ್ಷೆ ಇಲ್ಲಿವೆ.

ಪರೀಕ್ಷೆ 1: ಬೆಂಗಳೂರಿನ ಎತ್ತರ

ಕೆಂಪೇಗೌಡ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಸ್ಟ್ಯಾಂಡರ್ಡ್ ಅಟ್ಮಾಸ್ಫಿಯರ್ ಪ್ರಕಾರ ಆ ಎತ್ತರದಲ್ಲಿ ತಾಪಮಾನ 9 ಡಿಗ್ರಿ ಇರಬೇಕು. ಮಧ್ಯಾಹ್ನ 30 ಡಿಗ್ರಿ ಇದ್ದರೆ 21 ಡಿಗ್ರಿ ಜಾಸ್ತಿ ಆಯ್ತು. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ 5500 ಅಡಿ ದಾಟುತ್ತೆ. ಅಂದ್ರೆ ವಿಮಾನ ನಿಂತಿರೋದು 3000 ಅಡಿಯಲ್ಲಾದರೂ ಗಾಳಿ ಮಾತ್ರ 5500 ಅಡಿಯಷ್ಟು ತೆಳು.

ಸಿಮ್ಯುಲೇಟರ್‌ನಲ್ಲಿ 30 ಡಿಗ್ರಿ ಇಟ್ಟು, ಗಾಳಿ ಸೊನ್ನೆ ಮಾಡಿ ಟೇಕಾಫ್ ಮಾಡಿ. ಸ್ಪೀಡ್ ಟೇಪ್ 140 ನಾಟ್ ತೋರಿಸುವಾಗ ಗ್ರೌಂಡ್ ಸ್ಪೀಡ್ 152ರ ಆಸುಪಾಸು ಇರಬೇಕು. ಅದೇ ತಾಪಮಾನದಲ್ಲಿ ಸಮುದ್ರದ ಪಕ್ಕದ ಮುಂಬೈಯಲ್ಲಿ 144ರ ಹತ್ತಿರ. ಈ ವ್ಯತ್ಯಾಸ ಸಿಮ್ಯುಲೇಟರ್‌ನ ವಾತಾವರಣದ ಲೆಕ್ಕ. ಆಡ್-ಆನ್‌ನ ಕೆಲಸ ಇದಾದ ಮೇಲೆ ಶುರು: ಅದೇ ತೂಕ, ಅದೇ ಫ್ಲಾಪ್, ಅದೇ ಥ್ರಸ್ಟ್ ಸೆಟ್ಟಿಂಗ್ ಇಟ್ಟಾಗ ಬೆಂಗಳೂರಿನಲ್ಲಿ ರನ್‌ವೇ ಓಟ ಎದ್ದು ಕಾಣುವಷ್ಟು ಉದ್ದ ಆಗ್ಬೇಕು. ಎರಡೂ ಕಡೆ ಒಂದೇ ದೂರದಲ್ಲಿ ಎದ್ದರೆ ಎಂಜಿನ್ ಮಾಡೆಲ್ ಬರೀ ಶಬ್ದ ಮಾಡುತ್ತಿದೆ ಅಂತ ಅರ್ಥ.

ಪರೀಕ್ಷೆ 2: 1990ರ ಫೆಬ್ರವರಿ 14

ಅವತ್ತು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಿತ್ತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಅದು ಎ320. ಆಗ ಇಂಡಿಯನ್ ಏರ್‌ಲೈನ್ಸ್‌ಗೆ ತೀರಾ ಹೊಸ ವಿಮಾನ.

ಆಗಿದ್ದು ಏನು ಅಂತ ತಿಳಿಯಲು ಆಟೋಥ್ರಸ್ಟ್‌ನ ಎರಡು ಮೋಡ್ ಗೊತ್ತಿರಬೇಕು. ಸ್ಪೀಡ್ ಮೋಡ್‌ನಲ್ಲಿ ವೇಗ ಕಡಿಮೆಯಾದರೆ ಕಂಪ್ಯೂಟರ್ ತಾನೇ ಎಂಜಿನ್ ಏರಿಸುತ್ತೆ. ಓಪನ್ ಡಿಸೆಂಟ್ ಮೋಡ್‌ನಲ್ಲಿ ಹಾಗಲ್ಲ. ಎಂಜಿನ್ ಐಡಲ್‌ನಲ್ಲೇ ಇರುತ್ತೆ, ವೇಗವನ್ನು ಮೂಗಿನ ಕೋನದಿಂದ ಹಿಡಿದುಕೊಳ್ಳಬೇಕು. ಪೈಲಟ್ ಫ್ಲೈಟ್ ಡೈರೆಕ್ಟರ್ ಗೆರೆಗಳನ್ನು ಬಿಟ್ಟು ಮೂಗು ಎತ್ತಿ ಹಿಡಿದರೆ ವೇಗ ಕರಗುತ್ತಾ ಹೋಗುತ್ತೆ.

605 ಆ ಮೋಡ್‌ನಲ್ಲಿ ಇಳಿಯುತ್ತಿತ್ತು. ನಿಮಿಷಕ್ಕೆ 700 ಅಡಿ ಇಳಿತ ಬೇಕಿದ್ದಾಗ ಪಕ್ಕದ ಎತ್ತರದ ಗುಂಡಿಯನ್ನು 700ಕ್ಕೆ ತಿರುಗಿಸಿರಬಹುದು ಎಂಬುದು ತನಿಖೆಯಲ್ಲಿ ಬಂದ ಒಂದು ಸಾಧ್ಯತೆ. ಎಚ್‌ಎಎಲ್ ರನ್‌ವೇ ಇರೋದೇ ಸುಮಾರು 2900 ಅಡಿಯಲ್ಲಿ. 700 ಅಡಿ ಅಂದ್ರೆ ನೆಲದೊಳಗೆ! ಎರಡೂ ಫ್ಲೈಟ್ ಡೈರೆಕ್ಟರ್ ಆರಿಸಿದ್ದರೆ ಆಟೋಥ್ರಸ್ಟ್ ಸ್ಪೀಡ್ ಮೋಡ್‌ಗೆ ಮರಳುತ್ತಿತ್ತು. ಒಂದು ಆರಿತ್ತು, ಇನ್ನೊಂದು ಆನ್ ಆಗಿಯೇ ಉಳಿಯಿತು. ಕೊನೆಗೆ ಎಂಜಿನ್‌ಗೆ ಪೂರ್ತಿ ಶಕ್ತಿ ಕೇಳಿದಾಗ ತಡವಾಗಿತ್ತು. ಜೆಟ್ ಎಂಜಿನ್ ಐಡಲ್‌ನಿಂದ ಮೇಲೇಳಲು ಕೆಲವು ಸೆಕೆಂಡ್ ಬೇಕು.

ಈಗ ಇದನ್ನೇ ಆಡ್-ಆನ್‌ನಲ್ಲಿ ಮಾಡಿ ನೋಡಿ. ನೆಲದಿಂದ ಕನಿಷ್ಠ 5000 ಅಡಿ ಮೇಲೆ ಇರಿ.

1. ಗೇರ್, ಫ್ಲಾಪ್ ಇಳಿಸಿ. ಎತ್ತರದ ಗುಂಡಿಯಲ್ಲಿ ಕೆಳಗಿನ ಎತ್ತರ ಕೊಟ್ಟು ಎಳೆಯಿರಿ. ಮೇಲಿನ ಸಾಲಿನಲ್ಲಿ ಥ್ರಸ್ಟ್ ಐಡಲ್, ಓಪನ್ ಡಿಸೆಂಟ್ ಎರಡೂ ಬರಬೇಕು.
2. ಆಟೋಪೈಲಟ್ ಬಿಡಿಸಿ, ಮೂಗು ಸ್ವಲ್ಪ ಎತ್ತಿ ಹಿಡಿಯಿರಿ. ವೇಗ ಗುರಿಗಿಂತ ಕೆಳಗೆ ಜಾರಿದರೂ ಎಂಜಿನ್ ಐಡಲ್‌ನಲ್ಲೇ ಇರಬೇಕು.
3. ಒಂದು ಫ್ಲೈಟ್ ಡೈರೆಕ್ಟರ್ ಮಾತ್ರ ಆರಿಸಿ. ಏನೂ ಬದಲಾಗಬಾರದು. ಎರಡನೆಯದನ್ನೂ ಆರಿಸಿದರೆ ತಕ್ಷಣ ಸ್ಪೀಡ್ ಮೋಡ್ ಬರಬೇಕು.
4. ಇನ್ನೊಮ್ಮೆ ಶುರು ಮಾಡಿ, ಈ ಸಲ ಎರಡನ್ನೂ ಆನ್ ಇಟ್ಟೇ ಕಾಯಿರಿ. ನಂತರದ ಎ320ಗಳಲ್ಲಿ ವೇಗ ಕನಿಷ್ಠ ಮಿತಿಯಾದ ವಿಎಲ್‌ಎಸ್‌ಗಿಂತ ತುಸು ಕೆಳಗಾದಾಗ ಗೆರೆಗಳು ತಾವೇ ಮಾಯವಾಗಿ ಸ್ಪೀಡ್ ಮೋಡ್ ಬರುತ್ತೆ.

ಎರಡನೇ ಹೆಜ್ಜೆಯಲ್ಲೇ ಎಂಜಿನ್ ತಾನಾಗಿ ಏರಿ ನಿಮ್ಮನ್ನು ಉಳಿಸಿದರೆ ಆ ಆಡ್-ಆನ್ ಫೇಲ್. ಒಳ್ಳೇದೇ ಅಲ್ವಾ ಅನ್ನಿಸಬಹುದು. ಅಲ್ಲ. 'ಆಟೋಥ್ರಸ್ಟ್ ಆನ್ ಇದ್ದರೆ ವೇಗದ ಚಿಂತೆ ಇಲ್ಲ' ಅನ್ನೋ ಪಾಠವನ್ನೇ ಅದು ಕಲಿಸುತ್ತೆ. 92 ಜನರ ಪ್ರಾಣ ಹೋಗಿದ್ದು ಹೆಚ್ಚು ಕಡಿಮೆ ಆ ನಂಬಿಕೆಯ ಜಾಗದಲ್ಲೇ.

ಉಳಿದವು

ಬ್ಯಾಟರಿ ಹಾಕಿದ ಮೇಲೆ ನ್ಯಾವಿಗೇಷನ್ ವ್ಯವಸ್ಥೆ ಅಲೈನ್ ಆಗಲು ಕೆಲವು ನಿಮಿಷ ತಗೋಬೇಕು (ಬೇಗ ಮುಗಿಸುವ ಸೆಟ್ಟಿಂಗ್ ಆರಿಸಿಡಿ). ಹಾರುವಾಗ ಒಂದು ಜನರೇಟರ್ ಆರಿಸಿದರೆ ಇನ್ನೊಂದು ಎರಡೂ ಕಡೆಗೆ ಕರೆಂಟ್ ಕೊಡಬೇಕು. ಬಣ್ಣ, ಸೀಟಿನ ಬಟ್ಟೆ, ಕಿಟಕಿ ಮೇಲಿನ ಮಳೆಹನಿ ಇವೆಲ್ಲ ಕೊನೆಗೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಅವು ಫ್ರೇಮ್ ರೇಟ್ ತಿನ್ನೋದೇ ಹೆಚ್ಚು.

ನಮ್ಮ ಸಲಹೆ: ಮೊದಲು ಉಚಿತವಾದದ್ದರಲ್ಲಿ ಈ ಪರೀಕ್ಷೆ ಮಾಡಿ ಕೈ ಪಳಗಿಸಿಕೊಳ್ಳಿ. ದುಡ್ಡು ಕೊಡೋದಾದರೆ ಅದನ್ನು ಈಗಾಗಲೇ ಇಟ್ಟುಕೊಂಡಿರೋ ಸೀನಿಯರ್ ರೂಮಿಗೆ ಹೋಗಿ, ಲ್ಯಾಂಡಿಂಗ್ ತೋರಿಸಿ ಅನ್ನಬೇಡಿ, ಎರಡನೇ ಹೆಜ್ಜೆ ತೋರಿಸಿ ಅನ್ನಿ. ಹತ್ತು ನಿಮಿಷ ಸಾಕು.