ಬಾಕಿದಾರ ಆಸ್ತಿಯನ್ನು ಬಾಮೈದನ ಹೆಸರಿಗೆ ಮಾಡಿದ್ರೆ ನಿಮ್ಮ ದುಡ್ಡು ಹೋಯ್ತಾ?

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಹತ್ತು ರೈತರಿಂದ ಮೆಕ್ಕೆಜೋಳ ಕೊಂಡ ವ್ಯಾಪಾರಿ 'ಮುಂದಿನ ವಾರ ಕೊಡ್ತೀನಿ' ಅಂತ ಆರು ತಿಂಗಳು ಸತಾಯಿಸುತ್ತಾನೆ. ಕೊನೆಗೆ 'ನನ್ನ ಹತ್ರ ಏನೂ ಉಳಿದಿಲ್ಲ' ಅಂತ ಕೈ ಎತ್ತುತ್ತಾನೆ. ವಿಚಾರಿಸಿದರೆ, ಹೋದ ತಿಂಗಳಷ್ಟೇ ಗೋದಾಮು ಬಾಮೈದನ ಹೆಸರಿಗೆ ಹೋಗಿದೆ, ಮನೆ ಹೆಂಡತಿಗೆ ದಾನಪತ್ರ ಆಗಿದೆ.

ಇಲ್ಲಿಗೇ ಕೈಚೆಲ್ಲಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಇದಕ್ಕೆಂದೇ ಇದೆ. ಬಾಕಿ ಬರಬೇಕಾದವರಿಗೆ ಮೋಸ ಮಾಡಲು ಅಥವಾ ವಸೂಲಿ ತಡಮಾಡಲು ಸ್ಥಿರಾಸ್ತಿ ವರ್ಗಾಯಿಸಿದ್ದರೆ, ಕೋರ್ಟು ಅದನ್ನು ರದ್ದು ಮಾಡಬಹುದು. ಆದರೆ ಅದು ತಾನಾಗಿ ರದ್ದಾಗಲ್ಲ, ದಾವೆ ಹೂಡಬೇಕು. ಒಬ್ಬರು ಹೂಡಿದರೂ ಆ ದಾವೆ ಬಾಕಿ ಬರಬೇಕಾದ ಎಲ್ಲರ ಪರವಾಗಿ ನಡೆಯಬೇಕು. ವಿಷಯ ಗೊತ್ತಿಲ್ಲದೆ, ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವರಿಗೆ ಮಾತ್ರ ರಕ್ಷಣೆ ಇದೆ.

ಬಾಕಿದಾರ ಕಂಪನಿಯಾದರೆ?

ಆಗ 2016ರ ದಿವಾಳಿ ಸಂಹಿತೆ ಅನ್ವಯಿಸುತ್ತೆ. ಇರುವ ಹಣ ಎಲ್ಲರಿಗೂ ಸಾಲದಿದ್ದಾಗ, ಅದನ್ನು ತಮಗೆ ಬೇಕಾದ ಒಬ್ಬರಿಗೇ ಕೊಟ್ಟರೆ ಉಳಿದವರ ಪಾಲಿಗೆ ಏನೂ ಉಳಿಯಲ್ಲ. ಅದಕ್ಕೇ ದಿವಾಳಿ ಪ್ರಕ್ರಿಯೆ ಶುರುವಾದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ: ಸಂಬಂಧಿತರಿಗೆ ಮಾಡಿಕೊಟ್ಟ ಅನುಕೂಲವಾದರೆ 2 ವರ್ಷ, ಬೇರೆಯವರಿಗಾದರೆ 1 ವರ್ಷ. ದಿನನಿತ್ಯದ ಮಾಮೂಲಿ ವ್ಯವಹಾರಕ್ಕೆ ವಿನಾಯಿತಿ ಇದೆ.

ಜೇಪೀ ಇನ್ಫ್ರಾಟೆಕ್ ಪ್ರಕರಣ ನೋಡಿ. ಆ ಕಂಪನಿ ತನ್ನ ಮಾತೃಸಂಸ್ಥೆಯ ಸಾಲಕ್ಕೆ ತನ್ನ ಜಮೀನು ಅಡವಿಟ್ಟಿತ್ತು. ಅದು ಉಳಿದವರಿಗೆ ಅನ್ಯಾಯ ಮಾಡುವ ವ್ಯವಹಾರ ಎಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸುಮಾರು 758 ಎಕರೆ ಅಡಮಾನದಿಂದ ಬಿಡುಗಡೆಯಾಯಿತು.

ಈಗಲೇ ಮಾಡಬೇಕಾದ್ದು

• ತೂಕದ ಚೀಟಿ, ಬಿಲ್ಲು, ವಾಟ್ಸಾಪ್ ಮೆಸೇಜು, ಬ್ಯಾಂಕ್ ವಿವರ ಜೋಪಾನ ಮಾಡಿ. ಫೋನ್ ಬದಲಿಸುವ ಮುಂಚೆ ಬ್ಯಾಕಪ್ ಇರಲಿ.
• ಅನುಮಾನ ಬಂದ್ರೆ ಆಸ್ತಿಯ ಇಸಿಯನ್ನು ಕಾವೇರಿ ಪೋರ್ಟಲ್‌ನಲ್ಲಿ, ಪಹಣಿಯನ್ನು ಭೂಮಿ ಪೋರ್ಟಲ್‌ನಲ್ಲಿ ನೋಡಿ.
• ಆಸ್ತಿ ಇನ್ನೂ ಕೈಬಿಟ್ಟಿಲ್ಲವಾದರೆ, ದಾವೆ ಹೂಡಿ ತೀರ್ಪಿಗೂ ಮೊದಲೇ ಜಪ್ತಿ ಕೇಳಬಹುದು. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ ಅವಧಿ.
• ಕಂಪನಿ ದಿವಾಳಿಯಾದರೆ ಸಾರ್ವಜನಿಕ ಪ್ರಕಟಣೆ ಬರುತ್ತೆ. ಅದರಲ್ಲಿ ಹೇಳಿದ ಗಡುವಿನೊಳಗೆ ನಿಮ್ಮ ಕ್ಲೇಮು ಸಲ್ಲಿಸಿ. ಸಂಶಯದ ವರ್ಗಾವಣೆ ಗೊತ್ತಿದ್ದರೆ ಪ್ರಕ್ರಿಯೆ ನಡೆಸುವ ವೃತ್ತಿಪರರಿಗೆ ಬರೆದು ತಿಳಿಸಿ.
• ವಕೀಲರ ಫೀಸು ಭಾರವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಕೊನೆಗೊಂದು ಮಾತು. ನಾಳೆ ಟ್ರ್ಯಾಕ್ಟರ್ ಸಾಲದ ಕಂತು ಕಟ್ಟಲು ಆಗದಿದ್ದಾಗ, 'ಜಮೀನು ತಮ್ಮನ ಹೆಸರಿಗೆ ಮಾಡ್ಬಿಡು' ಅಂತ ಯಾರಾದರೂ ಕಿವಿಯಲ್ಲಿ ಊದಬಹುದು. ಅದೇ 53ನೇ ಕಲಂ ನಿಮಗೂ ಅನ್ವಯಿಸುತ್ತೆ, ತಮ್ಮನೂ ಕೋರ್ಟು ಅಲೆಯಬೇಕಾಗುತ್ತೆ. ಅದರ ಬದಲು ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಹೆಚ್ಚಿಸಿಕೊಡಿ ಅಂತ ಕೇಳೋದೇ ಮೇಲು.