ನಾರ್ಟನ್ ಎಂಜಿನ್ನಿನ ಉಸಿರು, ಚೈನಿನ ಎಣ್ಣೆ

ನಾರ್ಟನ್ ಕಮಾಂಡೊ ಬೈಕಿನ ಎರಡು ಪಿಸ್ಟನ್‌ಗಳು ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಬರ್ಟ್ ಹಾಪ್‌ವುಡ್ ರೂಪಿಸಿದ 497 ಸಿಸಿಯ ಡಾಮಿನೇಟರ್‌ನಿಂದ 1973ರ 828 ಸಿಸಿಯ ಕಮಾಂಡೊವರೆಗೆ ಈ ಏರ್ಪಾಟು ಬದಲಾಗಲಿಲ್ಲ. ಪಿಸ್ಟನ್‌ಗಳು ಇಳಿದಾಗಲೆಲ್ಲ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿರುವ ಗಾಳಿಗೆ ಅಷ್ಟು ಜಾಗ ಕಡಿಮೆಯಾಗುತ್ತದೆ. 3000 ಆರ್‌ಪಿಎಂ ವೇಗದಲ್ಲಿ ಸೆಕೆಂಡಿಗೆ 50 ಸಲ ಹೀಗಾಗುತ್ತದೆ. ಹೊರಹೋಗಲು ದಾರಿ ಸಿಗದ ಗಾಳಿ ಸೀಲು, ಗ್ಯಾಸ್ಕೆಟ್‌ಗಳ ಸಂದಿಯಿಂದ ಎಣ್ಣೆಯನ್ನು ನೂಕುತ್ತದೆ. ಹಳೆಯ ಬ್ರಿಟಿಷ್ ಬೈಕ್ ನಿಂತಲ್ಲೆಲ್ಲ ಕಲೆ ಬಿಡುತ್ತದೆಂಬ ಗೇಲಿಗೆ ಇದೂ ಒಂದು ಕಾರಣ.

ಈ ಗಾಳಿಯನ್ನು ಹೊರಬಿಡುವ ದಾರಿ, ಅಂದರೆ ಬ್ರೀದರ್, ಮೊದಮೊದಲು ಇದ್ದದ್ದು ಕ್ಯಾಮ್‌ಶಾಫ್ಟಿನ ಎಡತುದಿಯಲ್ಲಿ. ಅಲ್ಲಿ ತಿರುಗುವ ಬಿಲ್ಲೆಯ ತೂತು ಕೇಸಿನ ತೂತಿಗೆ ಎದುರಾದಾಗ ಮಾತ್ರ ಗಾಳಿ ಹೊರಬೀಳುತ್ತಿತ್ತು. ಉಪಾಯವೇನೋ ಜಾಣತನದ್ದೇ, ದಾರಿ ಮಾತ್ರ ತೀರ ಕಿರಿದು. 1972ರಲ್ಲಿ ಬ್ರೀದರ್ ಕೇಸಿನ ಹಿಂಬದಿಗೆ ಸರಿಯಿತು. ಮುಂದೆ 850 ಎಂದು ಕರೆಯುವ ಆ 828 ಸಿಸಿಯ ಕಮಾಂಡೊದಲ್ಲಿ ಗಾಳಿ, ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನಿನ ಗೂಡಿಗೇ ನುಗ್ಗಿ, ಹಿಂದೊಮ್ಮೆ ಮ್ಯಾಗ್ನೆಟೊ ಕೂರುತ್ತಿದ್ದ ಕಡೆಯಿಂದ ಪೈಪಿನ ಮೂಲಕ ಎಣ್ಣೆ ಟ್ಯಾಂಕ್ ಸೇರತೊಡಗಿತು.

ಹಳೆಯ ಎಂಜಿನ್ನಿಗೆ ಇದನ್ನೇ ಅಳವಡಿಸಹೊರಟವರು ಎಡವುವುದು ಚೈನಿನ ಎಣ್ಣೆಯ ವಿಷಯದಲ್ಲೇ. ಟೈಮಿಂಗ್ ಚೈನಿಗೆಂದೇ ಬೇರೆ ಎಣ್ಣೆ ನಳಿಗೆಯಿಲ್ಲ. ಗೂಡಿನ ತಳದಲ್ಲಿ ನಿಂತ ಎಣ್ಣೆಯನ್ನು ಗೇರುಗಳು ಎರಚುತ್ತವೆ, ಉಳಿದದ್ದು ಗಾಳಿಯಲ್ಲಿ ತೇಲುವ ತುಂತುರು. ತಳದಲ್ಲಿ ಎಣ್ಣೆ ಎಷ್ಟು ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ಗೂಡಿಗೂ ಕ್ರ್ಯಾಂಕ್‌ಕೇಸಿಗೂ ನಡುವಿನ ಗೋಡೆಯ ತೂತು. ಉಸಿರು ಸರಾಗವಾಗಲೆಂದು ಆ ಗೋಡೆಯ ಕೆಳಭಾಗದಲ್ಲಿ ಡ್ರಿಲ್ ಆಡಿಸಿದರೆ ಎಣ್ಣೆಯೆಲ್ಲ ಕ್ರ್ಯಾಂಕ್‌ಕೇಸಿಗೆ ಹರಿದುಹೋಗಿ, ಚೈನಿಗೆ ತುಂತುರೊಂದೇ ಗತಿ. ತೂತು ಬೇಕೇಬೇಕೆಂದರೆ ಮೇಲ್ಭಾಗದಲ್ಲಿ ಕೊರೆಯಬೇಕು.

ಗೋಡೆಯ ತಂಟೆಗೇ ಹೋಗದೆ ಬ್ರೀದರ್ ಪೈಪಿಗೆ ಒನ್‌ವೇ ವಾಲ್ವ್ ಹಾಕುವುದು ಇದಕ್ಕಿಂತ ಮೇಲು. ಗಾಳಿ ಹೊರಹೋಗುತ್ತದೆ, ಮರಳಿ ಬರುವುದಿಲ್ಲ, ಕೇಸಿನೊಳಗಿನ ಒತ್ತಡ ತಗ್ಗುತ್ತದೆ. ರೀಡ್ ವಾಲ್ವ್ ಉತ್ತಮ. ಕಾರಿನ ಬ್ರೇಕ್ ಬೂಸ್ಟರಿನ ವಾಲ್ವನ್ನು ಕೂರಿಸಿ ಕೆಲಸ ಸಾಗಿಸಿದವರೂ ಇದ್ದಾರೆ. ಏನೇ ಹಾಕಲಿ, ಅದು ಎಂಜಿನ್ನಿಗೆ ಹತ್ತಿರವಿರಬೇಕು, ಪೈಪು ಅಗಲವಿರಬೇಕು. ವಾರಗಟ್ಟಲೆ ನಿಂತ ಬೈಕಿನ ಟ್ಯಾಂಕಿನಿಂದ ಎಣ್ಣೆ ಕೇಸಿಗೆ ಇಳಿದಿದ್ದರೆ ಮಾತ್ರ ಯಾವ ವಾಲ್ವೂ ಕಾಪಾಡದು. ಸ್ಟಾರ್ಟ್ ಮಾಡುವ ಮುನ್ನ ಅದನ್ನು ಬಸಿಯಲೇಬೇಕು.

ಟೈಮಿಂಗ್ ಗೂಡಿನ ಕವರ್ ಬಿಚ್ಚಿದಾಗ ಚೈನಿನ ಸಡಿಲವನ್ನೂ ನೋಡಿಬಿಡುವುದು ಒಳ್ಳೆಯದು. ಅತಿ ಬಿಗಿಯಾದ ಜಾಗದಲ್ಲಿ ಅದು ಸುಮಾರು 4.8 ಮಿ.ಮೀ. ಇರಬೇಕು. ಆದರೆ ನಡುವಿನ ಗೇರಿನ ಶಾಫ್ಟಿಗೆ ಹೊರಗಿನ ಆಸರೆ ಕವರೇ ಆದ್ದರಿಂದ, ಅದಿಲ್ಲದೆ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಪಳಗಿದ ಮೆಕ್ಯಾನಿಕ್‌ಗಳು ಹಳೆಯ ಕವರೊಂದಕ್ಕೆ ಕಿಟಕಿ ಕೊರೆದು ಇಟ್ಟುಕೊಂಡಿರುತ್ತಾರೆ.